ರ‍್ಯಾಂಪ್ ಆರಿಸಿದ ಮಳೆಗಾಲ

ಕಳೆದ ತಿಂಗಳು ನೆಂಟರೊಬ್ಬರ ಗೃಹಪ್ರವೇಶಕ್ಕೆಂದು ಹೊರಟಿದ್ದಾಗ ಅರಿಶಿನಕುಂಟೆಯ ಹತ್ತಿರ ನಮ್ಮ ಕಾರು ಸ್ವಲ್ಪ ಹೊತ್ತು ನಿಂತಿತ್ತು. ಜಿನುಗು ಮಳೆ. ರಸ್ತೆ ಪಕ್ಕದ ಶೆಡ್ಡಿನಲ್ಲಿ ಯಾರೋ ಕಬ್ಬಿಣದ ಗೇಟಿಗೆ ರೆಡ್ ಆಕ್ಸೈಡ್ ಬಳಿಯುತ್ತಿದ್ದರು. ಆ ಬಣ್ಣದ ಘಾಟು ಒದ್ದೆ ಗಾಳಿಯ ಜೊತೆ ಕಿಟಕಿಯೊಳಗೆ ಬಂದದ್ದೇ ತಡ, ಈ ಬಣ್ಣದ ಕೆಳಗೆ ಏನಿದೆಯೋ ಎಂದು ನನ್ನ ಮನಸ್ಸು ಕೇಳಿಕೊಂಡಿತು. ಪಕ್ಕದಲ್ಲಿ ಕೂತಿದ್ದ ಓರಗಿತ್ತಿ ಗೇಟಿನ ವಿನ್ಯಾಸ ಚೆನ್ನಾಗಿದೆ ಎಂದಳು. ನಾನು ಹೂಂಗುಟ್ಟಿದೆ. ಹೊಸ ಬಣ್ಣ ಕಂಡರೆ ನನಗೆ ಮೊದಲು ಬರುವುದು ಅನುಮಾನ. ಇದು ಹುಟ್ಟುಗುಣವಲ್ಲ, ಒಂದು ಮಳೆಗಾಲ ಕಲಿಸಿಹೋದದ್ದು.

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಕಡೆಯ ಹಳ್ಳಿ. ಆಗ ನಮ್ಮ ಹತ್ತಿರ ಕಬ್ಬಿಣದ ಚೈನಿನ ಮೇಲೆ ಓಡುವ, ನೆಲ ಅಗೆಯುವ ಒಂದು ಸಣ್ಣ ಮೆಷಿನ್ ಇತ್ತು. ಕೃಷಿಹೊಂಡ, ಪೈಪ್‌ಲೈನಿನ ಕಾಲುವೆ, ಗುಲಾಬಿ ತೋಟದ ಪಾತಿ, ಹೀಗೆ ಸುತ್ತಲಿನ ಹಳ್ಳಿಗಳಲ್ಲಿ ಕೆಲಸಕ್ಕೆ ಕೊರತೆ ಇರಲಿಲ್ಲ. ಚೈನಿನ ಗಾಡಿ ದೂರ ನಡೆಯುವಂತಿಲ್ಲ. ಟ್ರ್ಯಾಕ್ಟರಿಗೆ ತಗ್ಗಿನ ಟ್ರೇಲರ್ ಕಟ್ಟಿ, ಅದರ ಮೇಲೆ ಹತ್ತಿಸಿ ಒಯ್ಯಬೇಕು. ನಮ್ಮನೆಯವರು, ಸಿದ್ದರಾಜು, ಅದನ್ನು ಊರ ಮುಂದಿನ ಮಣ್ಣಿನ ದಿಬ್ಬದಿಂದ ಹತ್ತಿಸುತ್ತಿದ್ದರು. ಟ್ರೇಲರನ್ನು ದಿಬ್ಬಕ್ಕೆ ಒತ್ತಿ ನಿಲ್ಲಿಸಿದರೆ ಮೆಷಿನ್ ಸಲೀಸಾಗಿ ಒಳಗೆ ನಡೆದುಬಿಡುತ್ತಿತ್ತು. ಅಲ್ಲಿ ಯಾರೋ ಲೇಔಟ್ ಮಾಡುವವರು ಬಂದು, ಕಮಾನು ಕಟ್ಟಲೆಂದು ದಿಬ್ಬವನ್ನು ಸಪಾಟು ಮಾಡಿದರು. ಆಮೇಲೆ ಮರದ ಹಲಗೆಗಳೇ ಗತಿಯಾದವು.

ರೋಹಿಣಿ ಮಳೆ ಸುರಿದ ಮಾರನೆಯ ದಿನ ಒಂದು ಹಲಗೆ ನಡುವೆ ಸೀಳಿತು. ಮೆಷಿನ್ ಪಕ್ಕಕ್ಕೆ ವಾಲಿತು. ಓಡಿಸುತ್ತಿದ್ದ ನಮ್ಮನೆಯವರು ಹಾರಿದರು, ಆದರೆ ಎಡಗಾಲು ಪೂರ್ತಿ ಆಚೆ ಬರಲಿಲ್ಲ. ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಕಣಕಾಲಿಗೆ ರಾಡ್ ಹಾಕಿ, ಮಳೆಗಾಲ ಮುಗಿಯುವವರೆಗೆ ಕಾಲೂರಬಾರದು ಎಂದು ಹೇಳಿ ಕಳಿಸಿದರು.

ಕೆಲಸ ನಿಲ್ಲುವಂತಿರಲಿಲ್ಲ. ಮೆಷಿನ್ ಓಡಿಸಲು ದೇವನಹಳ್ಳಿ ಹತ್ತಿರದ ವಿಜಯಪುರದ ಶಫಿ ಎನ್ನುವವನು ಬಂದ. ಮೂವತ್ತರ ಆಸುಪಾಸಿನವನು, ಮಿತವಾದ ಮಾತು. ಸಂಜೆ ಕೆಲಸ ಬಿಟ್ಟ ಮೇಲೆ ಚೈನಿನ ಸಂದಿಯಲ್ಲಿ ಕೂತ ಮಣ್ಣನ್ನೆಲ್ಲ ಕೆದಕಿ ತೊಳೆದೇ ಮನೆಗೆ ಹೊರಡುತ್ತಿದ್ದ. ಬಂದ ದಿನವೇ ಸೀಳಿದ ಹಲಗೆಯನ್ನು ಕಾಲಿನಿಂದ ಹೊರಳಿಸಿ ನೋಡಿದ.

"ರ‍್ಯಾಂಪ್ ಇಲ್ದೆ ನಾನು ಹತ್ಸಲ್ಲ ಅಕ್ಕಾ. ಹತ್ರದ ಕೆಲ್ಸ ಇದ್ರೆ ನಡೆಸ್ಕೊಂಡೇ ಹೋಗ್ತೀನಿ."

ಹತ್ತಿರದ ಕೆಲಸ ನಾಲ್ಕು ದಿನಕ್ಕೆ ಮುಗಿಯಿತು. ಮೆಷಿನ್ ಹೊಂಗೆಮರದ ಕೆಳಗೆ ನಿಂತಿತು. ದೂರದ ಊರಿನವರು ಫೋನು ಮಾಡಿ, ಇನ್ನೂ ಆಗಲಿಲ್ಲವೇ ಎಂದು ಕೇಳಿ, ಬೇರೆ ಗಾಡಿ ಕರೆಸಿಕೊಳ್ಳತೊಡಗಿದರು. ಹೀಗೆ ರ‍್ಯಾಂಪ್ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಗಾಡಿ ಹತ್ತಿಸಲು ಒರಗಿಸುವ ಲೋಹದ ಹಲಗೆಗೂ ಅದೇ ಹೆಸರೆಂದು ನನಗೆ ಗೊತ್ತಿರಲಿಲ್ಲ, ಅದುವರೆಗೆ ಆ ಪದವನ್ನು ನಾನು ಮೊಬೈಲ್ ಅಂಗಡಿಯ ಮೆಟ್ಟಿಲ ಪಕ್ಕದ ಇಳಿಜಾರಿಗೆ ಮಾತ್ರ ಬಳಸಿದ್ದೆ.

ಮೊದಲು ರ‍್ಯಾಂಪ್ ತಂದವನು ನನ್ನ ಮೈದುನ ರಮೇಶ. ಅರಿಶಿನಕುಂಟೆಯಲ್ಲಿ ಅವನ ಸ್ನೇಹಿತನೊಬ್ಬ ಹಳೆಯ ಸಾಮಾನಿನ ಗೋದಾಮು ಇಟ್ಟಿದ್ದ. ಒಂದು ಬೆಳಿಗ್ಗೆ ರಮೇಶ ಅಲ್ಲಿಂದ ಒಂದು ಜೋಡಿ ಅಲ್ಯೂಮಿನಿಯಂ ರ‍್ಯಾಂಪನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಬಂದು ಅಂಗಳದಲ್ಲಿ ಇಳಿಸಿದ. ಒಬ್ಬನೇ ಎತ್ತುವಷ್ಟು ಹಗುರ. ಪಳಪಳ ಹೊಳೆಯುತ್ತಿದ್ದವು.

"ಮುಚ್ಚೋಗಿರೋ ಕಂಪನಿ ಮಾಲು ಅತ್ತಿಗೆ. ಇಂಥದ್ದು ಮತ್ತೆ ಸಿಗಲ್ಲ. ಶಫಿ, ಹತ್ಸಪ್ಪಾ."

ಶಫಿ ಹತ್ತಿರ ಬಂದು ನೋಡಿದ. ಏನೂ ಹೇಳದೆ ನನ್ನ ಮುಖ ನೋಡಿದ. ಆ ಸುಮ್ಮನಿರುವಿಕೆ ಕೂಡ ನನಗೆ ಸರಿ ಬರಲಿಲ್ಲ. ಬೇಡ ಅನ್ನುವುದಾದರೆ ಬಾಯಿ ಬಿಟ್ಟು ಹೇಳಬಾರದೇ? ತನ್ನ ಕಡೆಯವರ ಹತ್ತಿರ ಮಾಡಿಸಬೇಕೆಂದಿದ್ದಾನೋ ಏನೋ.

ನಾನು ಕೂತು ರ‍್ಯಾಂಪಿನ ಮೇಲೆ ಕೈಯಾಡಿಸಿದೆ. ಎಷ್ಟು ಭಾರ ತಡೆಯುತ್ತದೆ ಎಂದು ಬರೆದಿರಬೇಕಾದ ಜಾಗದಲ್ಲಿ ಏನೋ ಕೆರೆದು ತೆಗೆದ ಗುರುತಿತ್ತು. ಬೆರಳಿಗೆ ಬೆಳ್ಳಿಬಣ್ಣ ಹತ್ತಿತು.

"ಅಲ್ಯೂಮಿನಿಯಂಗೆ ಯಾಕೆ ಬೆಳ್ಳಿ ಬಣ್ಣ ಹೊಡ್ದಿದಾರೆ ರಮೇಶ? ಅದೇ ಬೆಳ್ಳಗಿರುತ್ತಲ್ಲ."

"ಲುಕ್ಕಿಗೆ ಅತ್ತಿಗೆ. ಎಲ್ಲಾದ್ರಲ್ಲೂ ಏನಾದ್ರೂ ಹುಡುಕ್ತೀರಲ್ಲ ನೀವು."

ಮನೆಯ ಹಿಂದೆ ಕಿತ್ತುಹಾಕಿದ ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳು ರಾಶಿ ಬಿದ್ದಿದ್ದವು. ನಾನು ಒಂದು ರ‍್ಯಾಂಪಿನ ತುದಿಯನ್ನು ಟ್ರೇಲರಿಗೆ ಒರಗಿಸಿ, ಇನ್ನೊಂದು ತುದಿ ನೆಲಕ್ಕಿರಿಸಿ, ಮೆಷಿನ್ ಹತ್ತಿಸುವ ಮೊದಲು ಈ ಕಲ್ಲುಗಳನ್ನು ಹೇರಿ ನೋಡೋಣ ಎಂದೆ. ರಮೇಶ ನಕ್ಕ. ಆಮೇಲೆ ನಾನು ತಮಾಷೆ ಮಾಡುತ್ತಿಲ್ಲ ಎಂದು ತಿಳಿದು ಮುಖ ಬಿಗಿದುಕೊಂಡ. ಕೂಲಿಯವರನ್ನು ಕರೆದು ಒಂದೊಂದೇ ಕಂಬವನ್ನು ರ‍್ಯಾಂಪಿನ ನಡುಭಾಗಕ್ಕೆ ಅಡ್ಡಡ್ಡ ಇಡಿಸಿದೆ. ಮೆಷಿನ್ನಿನ ಭಾರದ ಹತ್ತಿರಕ್ಕೂ ಹೋಗಿರಲಿಲ್ಲ, ರ‍್ಯಾಂಪು ಕಿರ್ರೆಂದು ಬಾಳೆ ಎಲೆಯ ಹಾಗೆ ಬಾಗಿತು. ಕಲ್ಲುಗಳು ಉರುಳಿದವು, ಕೂಲಿಯವರು ಹಿಂದಕ್ಕೆ ಹಾರಿದರು. ಬಾಗಿದ ಜಾಗದಲ್ಲಿ ಬೆಳ್ಳಿಬಣ್ಣ ಹಕ್ಕಳೆಯೆದ್ದು, ಕೆಳಗೆ ಮೇಣದಂಥ ಏನನ್ನೋ ತುಂಬಿ ಮುಚ್ಚಿದ್ದ ಹಳೆಯ ಬಿರುಕು ಕಂಡಿತು. ಮುಂಚೆಯೇ ಒಮ್ಮೆ ಬಾಗಿದ್ದದ್ದನ್ನು ಬಡಿದು ನೆಟ್ಟಗೆ ಮಾಡಿದ್ದರು.

ರಮೇಶನ ಮುಖ ಕಪ್ಪಿಟ್ಟಿತು. ಅವನಿಗೆ ಇದು ಗೊತ್ತಿತ್ತೋ, ಸ್ನೇಹಿತ ಅವನಿಗೂ ಟೋಪಿ ಹಾಕಿದ್ದನೋ, ನನಗೆ ಇಂದಿಗೂ ಖಚಿತವಿಲ್ಲ. ಅವನು ತಿರುಗಿದ್ದು ಮಾತ್ರ ಶಫಿಯ ಕಡೆಗೆ.

"ನೀನೇ ಹೇಳ್ಕೊಟ್ಟಿದ್ದು ಇದನ್ನ."

"ನಾನು ಬಾಯೇ ಬಿಟ್ಟಿಲ್ಲ ಅಣ್ಣಾ," ಎಂದ ಶಫಿ.

"ಅದೇ. ಬಾಯಿ ಬಿಡದೆ ಹೇಳ್ಕೊಟ್ಟಿದೀಯ."

ರಮೇಶ ಒಳಗೆ ಹೋಗಿ ಅಣ್ಣನ ಮಂಚದ ಪಕ್ಕ ಬಹಳ ಹೊತ್ತು ಕೂತಿದ್ದ. ನಾನು ಕಾಫಿ ಒಯ್ದಾಗ ಇಬ್ಬರ ಮಾತೂ ನಿಂತಿತು.

ಆರಿದ್ರಾ ಮಳೆ ಹಿಡಿಯಿತು. ಎಲ್ಲರೂ ರಾಗಿ ಹೊಲ ಹಸನು ಮಾಡುತ್ತಿದ್ದರೆ ನಾನು ಶಫಿಯನ್ನು ಕರೆದುಕೊಂಡು ವಿಜಯಪುರಕ್ಕೆ ಓಡಾಡತೊಡಗಿದೆ. ಮನೆಯ ಪಿಕಪ್ ಓಡಿಸಲು ನನಗೆ ಬರುತ್ತಿರಲಿಲ್ಲ. ಅಲ್ಲಿ ಅನ್ವರ್ ಎಂಬವರ ಫ್ಯಾಬ್ರಿಕೇಶನ್ ಶೆಡ್ಡಿತ್ತು. ರೇಷ್ಮೆ ನೂಲು ತೆಗೆಯುವ ಯಂತ್ರಗಳಿಗೆ ಚೌಕಟ್ಟು ಮಾಡಿಕೊಡುವುದು ಅವರ ಮುಖ್ಯ ಕೆಲಸ, ಟ್ರೇಲರ್ ಕೆಲಸವನ್ನೂ ಮಾಡುತ್ತಿದ್ದರು. ಪಕ್ಕದಲ್ಲೇ ರೇಷ್ಮೆಗೂಡು ಬೇಯಿಸುವ ಮನೆಯಿಂದ ಬರುವ ವಾಸನೆಗೆ ಮೊದಲ ದಿನ ನಾನು ಸೆರಗನ್ನು ಮೂಗಿಗೆ ಹಿಡಿದೇ ನಿಂತಿದ್ದೆ.

ಅನ್ವರ್ ಐವತ್ತು ದಾಟಿದವರು. ನಾನು ಏನು ಕೇಳಿದರೂ ಉತ್ತರವನ್ನು ಶಫಿಗೆ ಕೊಡುತ್ತಿದ್ದರು. ರ‍್ಯಾಂಪು ಉದ್ದವಾದಷ್ಟೂ ಏರು ಕಡಿಮೆಯಾಗುತ್ತದೆ, ಆದರೆ ತೂಕ ಹೆಚ್ಚುತ್ತದೆ, ಇಬ್ಬರಾದರೂ ಬೇಕಾಗುತ್ತದೆ ಎತ್ತಲು, ಎಂದು ಶಫಿಗೆ ಹೇಳಿದರು. ಕಬ್ಬಿಣದ ಚೈನಿಗೆ ನುಣುಪು ತಗಡು ಆಗುವುದಿಲ್ಲ, ಮಳೆಯಲ್ಲಿ ಜಾರುತ್ತದೆ, ಏಣಿಯ ಹಾಗೆ ಅಡ್ಡಪಟ್ಟಿ ಬೆಸೆಯಬೇಕು ಎಂದೂ ಅವನಿಗೇ ಹೇಳಿದರು.

"ಸ್ವಲ್ಪ ನನ್ನ ಕಡೆ ನೋಡಿ ಹೇಳಿ ಸಾಹೇಬ್ರೇ. ಮಾಡ್ಸೋಳು ನಾನು," ಎಂದೆ.

ಅವರು ಶಫಿಗೆ ದಖನಿ ಉರ್ದುವಿನಲ್ಲಿ ಏನೋ ಅಂದರು. ಇಬ್ಬರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ದಾರಿಯಲ್ಲಿ ಕೇಳಿದೆ.

"ಏನಂದ್ರು ಅವ್ರು?"

"ನಮ್ಮ ಮನೆಯವ್ಳೂ ಹಿಂಗೇ ಅಂತ ಅಂದ್ರು ಅಕ್ಕಾ. ತರಕಾರಿ ತಗೊಳೋಕೆ ಹೋದ್ರೂ ಬದನೆಕಾಯಿ ಕೊಯ್ದು ತೋರ್ಸು ಅಂತಾಳಂತೆ."

ಇರಬಹುದು. ಇಲ್ಲದಿರಲೂಬಹುದು. ನನಗೆ ಆ ಭಾಷೆ ಬಾರದು, ಅವನು ಹೇಳಿದ್ದನ್ನೇ ನಂಬಬೇಕು, ನಂಬುವ ಹಾಗೆ ನಾನಿರಲಿಲ್ಲ. ಎರಡನೆಯ ಸಲ ಹೋದಾಗ ಒಂದು ಮಾತು ಖಂಡಿತವಾಗಿ ಹೇಳಿದೆ. "ಬಣ್ಣ ಬಳೀಬೇಡಿ. ಬೆಸುಗೆ ಎಲ್ಲಾ ನಾನು ನೋಡಿದ್ಮೇಲೇ ಬಣ್ಣ." ಅನ್ವರ್ ಈ ಸಲ ನನ್ನ ಕಡೆಗೇ ನೋಡಿ ತಲೆಯಾಡಿಸಿದರು.

ಮೂರನೆಯ ಸಲ ಹೋದರೆ ಕರೆಂಟಿಲ್ಲದೆ ಕೆಲಸ ಅರ್ಧಕ್ಕೆ ನಿಂತಿತ್ತು. ನಾಲ್ಕನೆಯ ಸಲ ಒಂದು ಬದಿಯ ಪಟ್ಟಿಗಳು ನನಗೆ ತೆಳ್ಳಗೆ ಕಂಡವು, ಕಳಚಿ ಬೇರೆ ಹಾಕಿಸಿದೆ. ಸುಟ್ಟ ಕಬ್ಬಿಣದ ವಾಸನೆ ನನ್ನ ಸೀರೆಯಲ್ಲೇ ಉಳಿದುಕೊಂಡಂತಾಗಿತ್ತು.

ಇಷ್ಟರಲ್ಲಿ ಊರಿನಲ್ಲಿ ಏನೋ ಬದಲಾಗಿತ್ತು. ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತರೆ, "ಇವತ್ತೆಲ್ಲಿಗಮ್ಮಾ ಸವಾರಿ?" ಎಂದು ಒಬ್ಬಾಕೆ ಕೇಳಿದಳು. "ರ‍್ಯಾಂಪಿಗೆ" ಎಂದೆ. "ಇನ್ನೂ ಸಿಕ್ಕಿಲ್ವಾ?" ಎಂದು ಪಕ್ಕದವಳ ಕಡೆ ನೋಡಿದಳು. ಮನೆಯಲ್ಲೂ ಅಷ್ಟೇ. ನಮ್ಮನೆಯವರು ಮಂಚವನ್ನು ಜಗುಲಿಗೆ ಹಾಕಿಸಿಕೊಂಡಿದ್ದರು. ಗಾಳಿ ಬೇಕು ಅಂತ ಹೇಳಿದರು. ಅಲ್ಲಿಂದ ಹೊಂಗೆಮರ, ಮೆಷಿನ್, ಪಿಕಪ್ ನಿಲ್ಲುವ ಜಾಗ, ಎಲ್ಲಾ ಕಾಣುತ್ತಿತ್ತು. ಶಫಿ ಚೈನಿಗೆ ಗ್ರೀಸ್ ಹಾಕುತ್ತಿದ್ದರೆ ಇವರು ಪೇಪರನ್ನು ಮುಖದ ಮುಂದೆ ಹಿಡಿದು ಅದರ ಮೇಲಿಂದ ನೋಡುತ್ತಿರುತ್ತಿದ್ದರು. ನಾನು ವಿಜಯಪುರದಿಂದ ಬಂದಿಳಿದರೆ ಮೊದಲು ಪಿಕಪ್ಪಿನ ಹಿಂಬದಿ ನೋಡುತ್ತಿದ್ದರು, ಆಮೇಲೆ ನನ್ನನ್ನು.

ನಾಲ್ಕನೆಯ ಸಲದ ಸಂಜೆ, ಮುದ್ದೆ ಬಡಿಸುವಾಗ ತಟ್ಟೆಯಿಂದ ಕಣ್ಣೆತ್ತದೆ ಕೇಳಿದರು.

"ಎರಡು ಕಬ್ಬಿಣದ ಹಲಗೆ ಆರ್ಸೋಕೆ ಎಷ್ಟು ದಿನ ಬೇಕು?"

ನಾನು ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟೆ. ಪ್ರಶ್ನೆ ಹಲಗೆಯದ್ದಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಾಯಿತು. ಹದಿನೆಂಟು ವರ್ಷ ಸಂಸಾರ ಮಾಡಿದ್ದೆ. ಅಳು ಬರಲಿಲ್ಲ.

"ನಿಮ್ಮ ಕಾಲು ಮುರಿದಿದ್ದು ಒಂದು ಹಲಗೆಯಿಂದ," ಎಂದೆ. "ನಾಡಿದ್ದು ರ‍್ಯಾಂಪು ಇಲ್ಲಿಗೇ ಬರುತ್ತೆ. ಅನ್ವರ್ ಸಾಹೇಬ್ರು ಬರ್ತಾರೆ, ಶಫಿ ಇರ್ತಾನೆ. ರಮೇಶನನ್ನೂ ಕರೀರಿ. ಎಲ್ಲಾರ ಎದುರಿಗೇ ಹತ್ಸೋಣ. ನೀವೇ ಕೂತು ನೋಡಿ."

"ನಾನೇನಂದೆ ಈಗ?"

"ನೀವೇನೂ ಅಂದಿಲ್ಲ."

ಹೇಳಿದ ದಿನ ಪುನರ್ವಸು ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಮೋಡ ಇತ್ತು, ಹನಿ ಇರಲಿಲ್ಲ. ಅನ್ವರ್ ತಮ್ಮ ವ್ಯಾನಿನಲ್ಲಿ ರ‍್ಯಾಂಪುಗಳನ್ನೂ ಬೆಸುಗೆಯ ಸಾಮಾನನ್ನೂ ತಂದರು. ಬಣ್ಣವಿಲ್ಲದ ಬರೀ ಕಬ್ಬಿಣ, ಬೆಸುಗೆಯ ಗಂಟುಗಳೆಲ್ಲ ಎದ್ದು ಕಾಣುತ್ತಿದ್ದವು. ನಾನು ಒಂದೊಂದು ಗಂಟನ್ನೂ ಮುಟ್ಟಿ ನೋಡಿದೆ. ಕಲ್ಲುಕಂಬಗಳನ್ನು ಹೇರಿಸಿ ನೋಡಿದೆ. ಕೂದಲೆಳೆಯಷ್ಟೂ ಬಾಗಲಿಲ್ಲ. ರಮೇಶ ಟ್ರ್ಯಾಕ್ಟರಿಗೆ ಒರಗಿ ಮೊಬೈಲ್ ನೋಡುತ್ತಿದ್ದ. ನಮ್ಮನೆಯವರು ಅಂಗಳದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದರು.

ರ‍್ಯಾಂಪಿನ ಮೇಲ್ತುದಿಯ ಕೊಕ್ಕೆಗಳನ್ನು ಟ್ರೇಲರಿನ ಅಂಚಿಗೆ ಸಿಕ್ಕಿಸಿದರು. ಶಫಿ ಮೆಷಿನ್ ಹತ್ತುವ ಮೊದಲು ಕುರ್ಚಿಯ ಹತ್ತಿರ ಬಂದ.

"ಅಣ್ಣಾ, ನೀವು ಕೈ ತೋರ್ಸಬೇಕು. ಮೇಲೆ ಕೂತ್ರೆ ನಂಗೆ ಕೆಳಗಿಂದು ಕಾಣಲ್ಲ."

"ರಮೇಶ ತೋರಿಸ್ತಾನೆ."

"ಬೇಡ. ನೀವೇ ತೋರ್ಸಿ."

ಇವರು ಅವನನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ, ಕುರ್ಚಿಯನ್ನು ಟ್ರೇಲರಿನ ಪಕ್ಕಕ್ಕೆ, ಸ್ವಲ್ಪ ದೂರದಲ್ಲಿ ಹಾಕಲು ನನಗೆ ಹೇಳಿದರು. ಹಾಕಿದೆ.

ಎಂಜಿನ್ ಗುಡುಗಿತು. ಇವರು ಬೆರಳುಗಳನ್ನು ತಮ್ಮ ಕಡೆಗೆ ಮಡಚುತ್ತಾ ಬಾ, ಬಾ ಎಂದು ಸನ್ನೆ ಮಾಡಿದರು. ಚೈನು ಅಡ್ಡಪಟ್ಟಿಗಳನ್ನು ಕಚ್ಚಿಕೊಂಡು ಏರತೊಡಗಿತು. ನಾನು ಪಟ್ಟಿಗಳನ್ನೇ ನೋಡುತ್ತಿದ್ದೆ. ಒಂದೂ ಅಲುಗಲಿಲ್ಲ. ಮೆಷಿನ್ ಅರ್ಧ ಏರಿರಬಹುದು, ಇವರ ಮುಷ್ಟಿ ಗಕ್ಕನೆ ಬಿಗಿಯಿತು.

ಶಫಿ ಅದೇ ಕ್ಷಣ ನಿಲ್ಲಿಸಿದ. ಯಾಕೆ ಎಂದು ತಿರುಗಿ ಕೂಡ ನೋಡಲಿಲ್ಲ. ಮೆಷಿನ್ನಿನ ತೋಳನ್ನು ನಿಧಾನವಾಗಿ ಇಳಿಸಿ, ಬಕೆಟ್ಟನ್ನು ಟ್ರೇಲರಿನ ಮೇಲೆ ಊರಿ ಭಾರವನ್ನು ಅದಕ್ಕೆ ಕೊಟ್ಟ.

"ಏನಾಯ್ತು? ಚೆನ್ನಾಗೇ ಹೋಗ್ತಿತ್ತಲ್ಲ," ಎಂದ ರಮೇಶ.

"ಎಡಗಡೆ ಕೊಕ್ಕೆ ನೋಡು," ಎಂದರು ಇವರು.

ಅನ್ವರ್ ಬಗ್ಗಿ ನೋಡಿ ಹಾಗೇ ನಿಂತರು. ಭಾರ ಬಿದ್ದಾಗ ಟ್ರೇಲರಿನ ಹಿಂಬದಿ ಕುಸಿದಿತ್ತು, ಮೂತಿ ಟ್ರ್ಯಾಕ್ಟರನ್ನೇ ಎತ್ತುವ ಹಾಗೆ ಮೇಲಕ್ಕೆದ್ದಿತ್ತು. ಆ ಕುಸಿತಕ್ಕೆ ಎಡಗಡೆಯ ಕೊಕ್ಕೆ ಅಂಚಿನಿಂದ ಜಾರಿ ತುದಿಯಲ್ಲಿ ನೇತಾಡುತ್ತಿತ್ತು. ಇನ್ನೊಂದು ಗೇಣು ಏರಿದ್ದರೆ ರ‍್ಯಾಂಪು ಕಳಚಿ, ಮೆಷಿನ್ ಶಫಿಯ ಸಮೇತ ಉರುಳುತ್ತಿತ್ತು. ನಾನು ಕಬ್ಬಿಣದ ದಪ್ಪ ನೋಡಿದ್ದೆ, ಬೆಸುಗೆ ನೋಡಿದ್ದೆ, ಮನುಷ್ಯರ ಮುಖಗಳನ್ನೆಲ್ಲ ನೋಡಿದ್ದೆ. ಟ್ರೇಲರ್ ಅಲುಗಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಶಫಿ ಇವರ ಕೈ ಸನ್ನೆಯನ್ನೇ ನೋಡುತ್ತಾ, ಇಂಚಿಂಚಾಗಿ ಹಿಂದಕ್ಕೆ ಇಳಿಸಿದ. ನೆಲ ಮುಟ್ಟಿದ ಮೇಲೆ ಎಂಜಿನ್ ಆರಿಸಿ ಕೆಳಗಿಳಿದು, ಟ್ರೇಲರಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಕ್ಕುರುಗಾಲಿನಲ್ಲಿ ಕೂತ. ನಾನು ನೀರು ಕೊಟ್ಟೆ.

"ಗಲತಿ ನಂದು," ಎಂದರು ಅನ್ವರ್. ಈ ಸಲವೂ ನನ್ನನ್ನು ನೋಡಿಯೇ ಹೇಳಿದರು. "ಹಿಂದ್ಗಡೆ ಎರಡು ಕಾಲು ಕೊಡ್ಬೇಕು, ಟ್ರೇಲರ್ ಕೂತ್ಕೋಬಾರ್ದು. ಕೊಕ್ಕೆ ಉದ್ದ ಮಾಡಿ ಅಡ್ಡ ಪಿನ್ ಹಾಕ್ತೀನಿ."

ಇವರು ಶಫಿಯನ್ನು ಕರೆದರು.

"ರಮೇಶ ಬೇಡ ಅಂದೆಯಲ್ಲ. ನಾನೇ ಯಾಕೆ ಬೇಕಾಗಿತ್ತು ನಿಂಗೆ?"

ಶಫಿ ಬಾಯಿ ಒರೆಸಿಕೊಂಡ. ಅವನ ಮುಖದಲ್ಲಿ ನಗುವಿರಲಿಲ್ಲ, ಕೋಪವೂ ಇರಲಿಲ್ಲ.

"ಒಂದು ತಿಂಗ್ಳಿಂದ ನೀವು ನನ್ನ ಮೇಲಿಂದ ಕಣ್ಣು ತೆಗ್ದಿಲ್ಲ ಅಣ್ಣಾ. ಅಷ್ಟು ಗಮನ ಇಟ್ಟು ನೋಡೋರು ನಂಗೆ ಇನ್ಯಾರು ಸಿಗ್ತಾರೆ?"

ಅನ್ವರ್ ವ್ಯಾನಿನಿಂದ ಬೆಸುಗೆಯ ವೈರು ಎಳೆಯತೊಡಗಿದರು. ರಮೇಶ ಹೋಗಿ ವೈರಿನ ಇನ್ನೊಂದು ತುದಿ ಹಿಡಿದುಕೊಂಡ. ಇವರು ತಮ್ಮ ಪಟ್ಟಿ ಕಟ್ಟಿದ ಕಾಲನ್ನೇ ನೋಡುತ್ತಾ ಕೂತಿದ್ದರು.

ಸಂಜೆಯ ಹೊತ್ತಿಗೆ ಟ್ರೇಲರಿಗೆ ಹಿಂಗಾಲುಗಳು ಬಂದವು, ಕೊಕ್ಕೆಗಳು ಉದ್ದವಾದವು. ತಾತ್ಕಾಲಿಕವಾಗಿ ಬೋಲ್ಟು ತೂರಿಸಿ ಮತ್ತೆ ಹತ್ತಿಸಿದರು. ಇವರೇ ಕೈ ತೋರಿಸಿದರು. ಮೆಷಿನ್ ದಿಬ್ಬದಿಂದ ಹತ್ತುತ್ತಿದ್ದ ಹಾಗೆಯೇ ನಡೆದುಹೋಗಿ ಟ್ರೇಲರಿನ ಮೇಲೆ ನಿಂತಿತು. ಕೆಲಸಗಳು ತಿರುಗಿ ಬಂದವು. ಶಫಿ ಮುಂದಿನ ಸುಗ್ಗಿಯವರೆಗೆ ನಮ್ಮಲ್ಲಿದ್ದು, ತನ್ನ ಊರ ಹತ್ತಿರವೇ ಕೆಲಸ ಸಿಕ್ಕಿತೆಂದು ಹೇಳಿ ಹೋದ. ಊರಿನ ಹತ್ತಿರ ಎಂಬುದು ಒಂದೇ ಕಾರಣವೋ, ನಾನು ಕೇಳಲಿಲ್ಲ. ಆ ರ‍್ಯಾಂಪು ಇವತ್ತಿಗೂ ಇದೆ.

ಹತ್ತಿಸಿ ನೋಡಿದ ವಾರದಲ್ಲೇ ಗಟ್ಟಿ ಉಕ್ಕಿನ ಪಿನ್ನುಗಳು ತಯಾರಾಗಿವೆ ಎಂದು ವಿಜಯಪುರದಿಂದ ಫೋನು ಬಂತು. ಬೆಳಿಗ್ಗೆ ನಾನು ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಾಗ ಇವರು ಜಗುಲಿಯಿಂದಲೇ ಹೇಳಿದರು.

"ಶಫಿಗೆ ಹೇಳಿದೀನಿ. ಪಿಕಪ್ಪಲ್ಲಿ ಕರ್ಕೊಂಡು ಹೋಗ್ತಾನೆ."

"ಬೇಡ. ಬಸ್ಸಿದೆ."

"ಮೂರು ಬಸ್ಸು ಬದಲಾಯಿಸ್ಬೇಕು."

"ಬದಲಾಯಿಸ್ತೀನಿ."

ನಾನು ಚೀಲ ಹುಡುಕುತ್ತಿದ್ದಾಗ, "ನನ್ನ ಮನಸ್ಸಲ್ಲಿ ಈಗ ಏನೂ ಇಲ್ಲ," ಎಂದರು.

ಈಗ ಎನ್ನುವ ಪದ ನನ್ನ ಕಿವಿಗೆ ಬಿತ್ತು. ಚೀಲ ತೆಗೆದುಕೊಂಡು ಹೊರಟೆ.

ದೊಡ್ಡಬಳ್ಳಾಪುರದಲ್ಲಿ ಇಳಿದು ದೇವನಹಳ್ಳಿ ಬಸ್ಸು, ಅಲ್ಲಿಂದ ವಿಜಯಪುರದ ಬಸ್ಸು. ಅನ್ವರ್ ಪಿನ್ನುಗಳನ್ನು ಗ್ರೀಸ್ ಸವರಿ, ಪೇಪರಿನಲ್ಲಿ ಸುತ್ತಿಕೊಟ್ಟರು. ಒಬ್ಬರೇ ಬಂದಿದ್ದೀರಾ ಎಂದು ಕೇಳಿದರು. ಹೌದೆಂದೆ. ಅವರ ಮನೆಯಾಕೆ ಒಳಗಿನಿಂದ ಚಹ ಕಳಿಸಿದರು. ಬರುವಾಗ ದಾರಿಯುದ್ದಕ್ಕೂ ಮಳೆ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದರಿಂದ ಗ್ರೀಸು ಪೇಪರನ್ನು ತೋಯಿಸಿ ಸೀರೆಗೆ ಇಳಿದಿತ್ತು.

ನಮ್ಮೂರ ಸ್ಟಾಪಿನಲ್ಲಿ ಬಸ್ಸು ನಿಂತಾಗ ಇವರು ತಂಗುದಾಣದ ಒಳಗೆ ನಿಂತಿದ್ದರು. ಕಂಕುಳಲ್ಲಿ ಊರುಗೋಲು, ಪಂಚೆ ಮೊಣಕಾಲವರೆಗೆ ಒದ್ದೆ. ಕಾಲೂರಬಾರದು ಎಂದು ಆಸ್ಪತ್ರೆಯವರಿಂದ ಹೇಳಿಸಿಕೊಂಡಿದ್ದ ಮನುಷ್ಯ, ಮನೆಯಿಂದ ಅಷ್ಟು ದೂರ ಒಬ್ಬರೇ ಕುಂಟಿಕೊಂಡು ಬಂದಿದ್ದರು. ನನ್ನನ್ನು ಕರೆದೊಯ್ಯಲು ಬಂದಿದ್ದರೋ, ನಾನು ನಿಜವಾಗಿ ಬಸ್ಸಿನಿಂದಲೇ ಇಳಿಯುತ್ತೇನೆಯೋ ಎಂದು ನೋಡಲು ಬಂದಿದ್ದರೋ. ಇಷ್ಟು ವರ್ಷವಾದರೂ ನಾನು ಕೇಳಿಲ್ಲ, ಅವರೂ ಹೇಳಿಲ್ಲ.

"ಕೊಡು," ಎಂದು ಚೀಲಕ್ಕೆ ಕೈ ಚಾಚಿದರು.

"ಭಾರ ಇದೆ."

"ಇರ್ಲಿ, ಕೊಡು."

ಕೊಟ್ಟೆ. ಊರುಗೋಲು ಒಂದು ಕಡೆ, ಚೀಲ ಒಂದು ಕಡೆ ಎಳೆದು ಅವರು ತೂಗಾಡಿದರು. ನಾನು ಚೀಲದ ಒಂದು ಹಿಡಿಕೆಯನ್ನು ಹಿಡಿದುಕೊಂಡೆ, ಇನ್ನೊಂದನ್ನು ಅವರು ಬಿಡಲಿಲ್ಲ. ಹಾಗೇ ಮನೆಯವರೆಗೆ ನಡೆದೆವು.